ಸಹಾಯ ಬೇಕು: ಸ್ಕ್ರಿಪ್ಟ್ ಮೊದಲೋ, ದೃಶ್ಯ ಮೊದಲೋ?

ಪತ್ರಿಕೋದ್ಯಮದ ಪದವಿ ವಿದ್ಯಾರ್ಥಿನಿಯಾದ ನಾನು ಈ ಬೇಸಿಗೆ ರಜೆಯಲ್ಲಿ ಒಂದು ಸುದ್ದಿವಾಹಿನಿಯ ಡೆಸ್ಕ್‌ನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಮೊದಲ 2 ವಾರ ಟಿಕ್ಕರ್ (ಪರದೆಯ ಕೆಳಗೆ ಓಡುವ ಸುದ್ದಿ) ಸಾಲುಗಳನ್ನು ಬರೆಯುವುದರಲ್ಲೇ ಕಳೆದವು, ಅದರಲ್ಲಿ ತೊಂದರೆಯಾಗಲಿಲ್ಲ. ಈಗ ವರದಿಗಾರರು ಕಳುಹಿಸುವ ಬೈಟ್ (ಕ್ಯಾಮೆರಾ ಮುಂದೆ ಒಬ್ಬರು ನೀಡಿದ ಹೇಳಿಕೆಯ ತುಣುಕು) ಮತ್ತು ದೃಶ್ಯಗಳನ್ನು ಆಧರಿಸಿ ಒಂದೂವರೆ ನಿಮಿಷದ ಪ್ಯಾಕೇಜ್‌ಗೆ (ಎಡಿಟ್ ಮಾಡಿದ ವಿಡಿಯೊ ವರದಿಗೆ) ವಾಯ್ಸ್ ಓವರ್, ಅಂದರೆ ದೃಶ್ಯಗಳ ಮೇಲೆ ಕೇಳಿಸುವ ಮಾತು, ಬರೆಯುವ ಕೆಲಸ ಕೊಟ್ಟಿದ್ದಾರೆ, ಇಲ್ಲಿಯೇ ನಾನು ಸಿಲುಕಿಕೊಂಡಿದ್ದೇನೆ.

ಮಾಹಿತಿಯನ್ನೆಲ್ಲ ಜೋಡಿಸಿ ಮೊದಲು ಸ್ಕ್ರಿಪ್ಟ್ ಬರೆದರೆ, ಎಡಿಟಿಂಗ್ ಕೋಣೆಯಲ್ಲಿ ಅರ್ಧದಷ್ಟು ಸಾಲುಗಳಿಗೆ ದೃಶ್ಯವೇ ಸಿಗದೆ ಒಂದೇ ಶಾಟ್ ಅನ್ನು ಮೂರು ಬಾರಿ ತೋರಿಸಬೇಕಾಗುತ್ತದೆ. ದೃಶ್ಯಗಳನ್ನು ನೋಡಿಕೊಂಡು ಬರೆದರೆ, ವೀಕ್ಷಕರ ಕಣ್ಣಿಗೆ ಕಾಣುವುದನ್ನೇ ಮತ್ತೆ ಹೇಳಿದಂತಾಗಿ, “ಇದು ರೇಡಿಯೊ ಅಲ್ಲಮ್ಮ” ಎಂದು ಹಿರಿಯ ಸಂಪಾದಕರು ಪ್ರತಿಯನ್ನು ಹಿಂದಿರುಗಿಸುತ್ತಾರೆ. (ಅವರ ಮಾತು ಸರಿಯೆಂಬುದು ನನಗೂ ಗೊತ್ತು.) ಬರೆದದ್ದನ್ನು ಗಟ್ಟಿಯಾಗಿ ಓದಿ ಸಮಯ ಅಳೆದೆ, ವಾಕ್ಯಗಳನ್ನು ಮೊಟಕುಗೊಳಿಸಿದೆ, ಶಾಟ್‌ಗಳ ಪಟ್ಟಿಯನ್ನೂ ಮಾಡಿಕೊಂಡೆ, ಅವಧಿ ಸರಿಹೋಯಿತೇ ಹೊರತು ಮಾತಿಗೂ ದೃಶ್ಯಕ್ಕೂ ಹೊಂದಾಣಿಕೆ ಬರಲಿಲ್ಲ. ಬುಲೆಟಿನ್ ಸಮೀಪಿಸುವಾಗ ಡೆಸ್ಕ್‌ನವರನ್ನು ತಡೆದು ಕೇಳಲು ಸಂಕೋಚವಾಗುತ್ತದೆ.

ಅನುಭವವಿರುವವರು ದಯವಿಟ್ಟು ತಿಳಿಸಿ: ಮೊದಲು ಬೈಟ್‌ಗಳನ್ನು ಆರಿಸಿ, ಅವುಗಳ ನಡುವಿನ ಜಾಗಕ್ಕೆ ಮಾತ್ರ ವಾಯ್ಸ್ ಓವರ್ ಬರೆಯಬೇಕೇ? ದೃಶ್ಯವೇ ಇಲ್ಲದ ಮುಖ್ಯ ಮಾಹಿತಿಯನ್ನು ಆ್ಯಂಕರ್ ಲೀಡ್‌ಗೆ (ವರದಿಗೆ ಮುನ್ನ ನಿರೂಪಕರು ಓದುವ ಪೀಠಿಕೆಗೆ) ಸೇರಿಸುವುದು ಸರಿಯೇ, ಇಲ್ಲವೇ ಗ್ರಾಫಿಕ್ಸ್‌ಗೆ ಬಿಡಬೇಕೇ?