ಎಸ್‌ಎನ್‌ಎಲ್ 11ನೇ ಸೀಸನ್ ಬಿಟ್ಟು ಮುಂದೆ ಹೋಗಬಹುದಾ?

ಪ್ರಶ್ನೆ:
ಅಮೆರಿಕದ ಕಾಮಿಡಿ ಸ್ಕೆಚ್ ಶೋ ಸ್ಯಾಟರ್ಡೇ ನೈಟ್ ಲೈವ್ (ಎಸ್‌ಎನ್‌ಎಲ್) ಮೊದಲಿನಿಂದ ನೋಡುತ್ತಾ ಈಗ 1985-86ರ 11ನೇ ಸೀಸನ್‌ಗೆ ಬಂದಿದ್ದೇನೆ. ರಾಬರ್ಟ್ ಡೌನಿ ಜೂನಿಯರ್, ಜೋನ್ ಕ್ಯುಸಾಕ್, ರ್‍ಯಾಂಡಿ ಕ್ವೇಡ್, ಇಷ್ಟು ಒಳ್ಳೆ ನಟರಿದ್ದೂ ನಗು ಯಾಕೆ ಬರುತ್ತಿಲ್ಲ? ಸೀದಾ 12ಕ್ಕೆ ಹೋಗಲಾ?

ಉತ್ತರ 1:
ಬಿಡಬೇಡಿ. ಶೋ ಹುಟ್ಟುಹಾಕಿದ ನಿರ್ಮಾಪಕ ಲಾರ್ನ್ ಮೈಕೆಲ್ಸ್ ಐದು ವರ್ಷ ಹೊರಗಿದ್ದು ವಾಪಸ್ ಬಂದ ವರ್ಷ ಅದು. ಹಿಂದಿನ ವರ್ಷದ ಹಾಸ್ಯನಟರು ಬಿಲ್ಲಿ ಕ್ರಿಸ್ಟಲ್, ಮಾರ್ಟಿನ್ ಶಾರ್ಟ್ ಎಲ್ಲ ಹೋಗಿದ್ದರು, ಹಾಗಾಗಿ ಸಿನಿಮಾದಲ್ಲಿ ಹೆಸರು ಮಾಡಿದವರನ್ನು ತಂದರು. ತೊಂದರೆ ಶುರುವಾಗಿದ್ದೇ ಅಲ್ಲಿ. ಆಂಥನಿ ಮೈಕೆಲ್ ಹಾಲ್‌ಗೆ ಆಗ 17 ವರ್ಷ, ಡೌನಿಗೆ 20. ಒಂದೇ ವಾರದಲ್ಲಿ ಬರೆದು ಶನಿವಾರ ರಾತ್ರಿ ಲೈವ್ ಆಡಬೇಕು, ಅದರಲ್ಲಿ 17ರ ಹುಡುಗನಿಗೆ ಅಪ್ಪನ ಪಾತ್ರ, ಸೆನೆಟರ್ ಪಾತ್ರ ಕೊಟ್ಟರೆ ಯಾರು ನಂಬುತ್ತಾರೆ? ಬರೆಯುವವರ ಕೈ ಕಟ್ಟಿಹಾಕಿದ ಹಾಗಾಯಿತು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲಾ ಎಪಿಸೋಡ್ ನೋಡಲೇಬೇಕು ಅಂತ ನಾನು ಹೇಳಲ್ಲ. ಜಾನ್ ಲೊವಿಟ್ಸ್‌ನ ಸುಳ್ಳುಗಾರನ ಪಾತ್ರ ಹುಡುಕಿ ನೋಡಿ. ಒಂದು ಸುಳ್ಳು ಶುರು ಮಾಡುತ್ತಾನೆ, ಅರ್ಧದಲ್ಲಿ ತಡವರಿಸುತ್ತಾನೆ, ಅದಕ್ಕಿಂತ ದೊಡ್ಡ ಸುಳ್ಳು ಹೊಳೆದ ಕೂಡಲೇ ಮುಖ ಅರಳುತ್ತದೆ. ಆ ಅರಳುವ ಕ್ಷಣದಲ್ಲೇ ಇರೋದು ಮಜಾ. ಡೆನ್ನಿಸ್ ಮಿಲ್ಲರ್ ತಮಾಷೆ ನ್ಯೂಸ್ ಓದೋದೂ ಚೆನ್ನಾಗಿದೆ. 1980-81ರ ಸೀಸನ್ ಇದಕ್ಕಿಂತ ಕೆಟ್ಟದಾಗಿತ್ತು, ನಿರ್ಮಾಪಕಿಯನ್ನೇ ನಡುವೆ ತೆಗೆದರು, ಆದರೂ ಎಡ್ಡಿ ಮರ್ಫಿ ಬಂದಿದ್ದು ಅಲ್ಲಿಂದಲೇ ಅಲ್ವಾ?

ಉತ್ತರ 3:
ಕೊನೆ ಎಪಿಸೋಡ್ ಮಾತ್ರ ತಪ್ಪಿಸಬೇಡಿ. ಅದರ ಸ್ಕೆಚ್‌ನಲ್ಲಿ ಬೇಸ್‌ಬಾಲ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಬೆಂಕಿ ಹಚ್ಚುತ್ತಾರೆ, ಶೋನ ಇಡೀ ಕಲಾವಿದರ ತಂಡ ಒಳಗೆ ಸಿಕ್ಕಿಕೊಂಡಿರುತ್ತದೆ, ಲಾರ್ನ್ ಬಂದು ಲೊವಿಟ್ಸ್ ಒಬ್ಬನನ್ನೇ ಹೊರಗೆ ಎಳೆದುಕೊಂಡು ಹೋಗುತ್ತಾರೆ. ಆಮೇಲೆ ಕಲಾವಿದರ ಹೆಸರುಗಳ ಜೊತೆ ಪ್ರಶ್ನಾರ್ಥಕ ಚಿಹ್ನೆ! 1986ರ ಶರತ್ಕಾಲದಲ್ಲಿ 12ನೇ ಸೀಸನ್ ಶುರುವಾದಾಗ ಮಡೋನಾ ಬಂದು ಹಿಂದಿನ ವರ್ಷದ್ದೆಲ್ಲ ಒಂದು ಕೆಟ್ಟ ಕನಸು ಅಂತ ಹೇಳಿಕೆ ಓದಿದರು. ಜನ ನಕ್ಕರು, ನನಗೆ ಮಾತ್ರ ಬೇಜಾರು. ಟೆರ್ರಿ ಸ್ವೀನಿ ಆ ಶೋನಲ್ಲಿ ತಾನು ಗೇ ಅಂತ ಮುಚ್ಚಿಡದೆ ಬಂದ ಮೊದಲ ಕಲಾವಿದ, ಅವನು ಮಾಡುವ ಆಗಿನ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಪಾತ್ರ ಎಷ್ಟು ಚೆನ್ನಾಗಿದೆ! ಅದೇ ತಂಡದ ಡ್ಯಾನಿಟ್ರಾ ವ್ಯಾನ್ಸ್‌ಗಂತೂ ಅವಳ ಯೋಗ್ಯತೆಗೆ ತಕ್ಕ ಪಾತ್ರವೇ ಸಿಗಲಿಲ್ಲ. ಇಬ್ಬರೂ ಎರಡನೇ ವರ್ಷ ಶೋನಲ್ಲಿ ಇರಲಿಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಸ್ವೀನಿ, ವ್ಯಾನ್ಸ್ ಇರುವ ಸ್ಕೆಚ್‌ಗಳಿಂದಲೇ ಶುರು ಮಾಡುತ್ತೇನೆ. 12ರಲ್ಲಿ ಹೊಸದಾಗಿ ಬಂದ ಡೇನಾ ಕಾರ್ವಿ, ಫಿಲ್ ಹಾರ್ಟ್‌ಮನ್ ಹೇಗೂ ಕಾಯುತ್ತಾರೆ.