ಕೈಯಲ್ಲಿ ತಿರುಗಿಸುವ ಬೋಟ್ ಲಿಫ್ಟ್‌ಗೆ ಮೋಟರ್ ಹಾಕಬಹುದಾ? ಭುಜ ಕೈಕೊಟ್ಟಿದೆ

ಹಳೇ ಹುಟ್ಟು:

ನಮಸ್ಕಾರ. ನನ್ನದು ನಾಲ್ಕು ಕಾಲಿನ ಅಲ್ಯೂಮಿನಿಯಂ ಬೋಟ್ ಲಿಫ್ಟ್. ಪಕ್ಕದಲ್ಲಿ ವಿಂಚ್, ಅದಕ್ಕೊಂದು ದೊಡ್ಡ ಚಕ್ರ. ಚಕ್ರ ತಿರುಗಿಸಿದರೆ ಕೇಬಲ್ ರಾಟೆಗಳ ಮೇಲೆ ಹರಿದು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ದೋಣಿ ಕೂತಿರುವ ತೊಟ್ಟಿಲು ನೀರಿನಿಂದ ಮೇಲೆ ಬರುತ್ತದೆ. ಹನ್ನೊಂದು ವರ್ಷ ಹೀಗೇ ತಿರುಗಿಸಿದ್ದೇನೆ. ಈ ಸಲ ಬಲಭುಜ ಕೈಕೊಟ್ಟಿದೆ. ಕೈ ಎತ್ತಿ ಏನನ್ನೂ ಎಳೆಯಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಕೈ ಎತ್ತದೆ ಆ ಚಕ್ರ ತಿರುಗಲ್ಲ.

ದೋಣಿ, ಎಂಜಿನ್, ಪೆಟ್ರೋಲ್ ಎಲ್ಲ ಸೇರಿ ಸುಮಾರು 800 ಕೆಜಿ. 1.1 ಮೀಟರ್ ಎತ್ತಬೇಕು. ಅದಕ್ಕೆ ಚಕ್ರ 50 ಸುತ್ತು. ಪ್ರತಿ ಸಲವೂ ಎಣಿಸುತ್ತೇನೆ, ಚಟ.

ಎರಡು ತರಹದ ಮೋಟರ್ ಸಿಗುತ್ತವೆ ಅಂತ ಗೊತ್ತಾಯಿತು. ಒಂದು, ಚಕ್ರದ ಅಂಚಿಗೆ ರಬ್ಬರ್ ಉರುಳೆ ಒತ್ತಿ ತಿರುಗಿಸುವುದು. ಇನ್ನೊಂದು, ಚಕ್ರವನ್ನೇ ಕಿತ್ತು ವಿಂಚಿನ ಶಾಫ್ಟ್‌ಗೆ ನೇರವಾಗಿ ಕೂರಿಸುವುದು. ಯಾವುದು ಒಳ್ಳೆಯದು? 12 ವೋಲ್ಟ್ ಬ್ಯಾಟರಿ ಸಾಕಾ, ಅಥವಾ ಮನೆಯಿಂದ ಕರೆಂಟ್ ಎಳೆಯಬೇಕಾ?

ಸುಮ್ನೆ ಬಂದೆ:

ಡ್ರಿಲ್ ಮೆಷಿನ್‌ಗೆ ಸಾಕೆಟ್ ಸಿಕ್ಕಿಸಿ ಶಾಫ್ಟ್‌ಗೆ ಕೊಡಿ, ಮುಗೀತು. ಮೋಟರ್ ಯಾಕೆ?

ರಾಟೆ ರಿಪೇರಿ:

ಭುಜ ಹೋದವರ ಕೈಗೆ ಡ್ರಿಲ್ ಕೊಡ್ತೀರಲ್ಲ ಸ್ವಾಮಿ. ಭಾರ ಜಾಸ್ತಿಯಾಗಿ ಶಾಫ್ಟ್ ನಿಂತರೆ ಡ್ರಿಲ್ ನಿಲ್ಲಲ್ಲ, ಮಣಿಕಟ್ಟನ್ನು ತಿರುಗಿಸುತ್ತದೆ.

ಹಳೇ ಹುಟ್ಟು ಅವರೇ, ಮೋಟರ್ ಆಮೇಲೆ. ಮೊದಲು ನಿಮ್ಮ ವಿಂಚ್ ಯಾವ ಜಾತಿ ನೋಡಿ. ಎತ್ತುವಾಗ ಟಕ್ ಟಕ್ ಅನ್ನಬೇಕು. ಇಳಿಸುವಾಗ ಸದ್ದಿಲ್ಲದೆ, ನೀವು ಹಿಂದಕ್ಕೆ ತಿರುಗಿಸಿದಷ್ಟೇ ಇಳಿಯಬೇಕು. ಹಾಗಿದ್ದರೆ ಒಳಗೆ ಬ್ರೇಕ್ ಇದೆ. ಇಳಿಸಲು ಕೊಕ್ಕೆ ಬಿಡಿಸಿ ಚಕ್ರವನ್ನು ಕೈಯಲ್ಲೇ ತಡೆದು ಹಿಡಿಯಬೇಕಾದ ಹಳೇ ತರಹದ್ದಾದರೆ ಮೋಟರ್ ಮಾತೇ ಬೇಡ, ವಿಂಚ್ ಬದಲಿಸಿ. ಬ್ರೇಕಿನ ಬಿಲ್ಲೆಗಳಿಗೆ ಎಣ್ಣೆ, ಗ್ರೀಸ್ ತಾಗಿಸಬೇಡಿ.

ನನ್ನ ಕತೆ ಕೇಳಿ. ನಾನು ಉರುಳೆ ಮೋಟರ್ ಹಾಕಿದ್ದೆ. ಕೈಯಲ್ಲಿ ತಿರುಗಿಸುವಾಗ ತೊಟ್ಟಿಲು ತಳ ಮುಟ್ಟಿದ ಕೂಡಲೇ ಚಕ್ರ ಹಗುರಾಗುತ್ತದೆ, ಕೈಗೆ ಗೊತ್ತಾಗುತ್ತದೆ, ನಿಲ್ಲಿಸುತ್ತೇವೆ. ಮೋಟರಿಗೆ ಅದೆಲ್ಲ ಗೊತ್ತಿಲ್ಲ. ಒಂದು ದಿನ ದೋಣಿ ಇಳಿಸುತ್ತಾ ಯಾರ ಜೊತೆಗೋ ಮಾತಿಗೆ ನಿಂತೆ. ಕೇಬಲ್ ಪೂರ್ತಿ ಬಿಚ್ಚಿಕೊಂಡು ಡ್ರಮ್ಮಿಗೆ ಉಲ್ಟಾ ಸುತ್ತಲು ಶುರುವಾಗಿದೆ. ಸಂಜೆ ವಾಪಸ್ ಬಂದು ದೋಣಿ ಕೂರಿಸಿದೆ. ‘ಕೆಳಗೆ’ ಸ್ವಿಚ್ ಒತ್ತಿದರೆ ದೋಣಿ ಮೇಲೆ ಬರುತ್ತಿದೆ! ತಂತಿ ಅದಲುಬದಲಾಗಿದೆ ಅಂದುಕೊಂಡು ಒತ್ತಿಯೇ ಇದ್ದೆ. ಟಕ್ ಟಕ್ ಸದ್ದಿಲ್ಲ ಅಂತ ತಲೆಗೆ ಹೋಗಲೇ ಇಲ್ಲ. ಆ ಬ್ರೇಕ್ ಹಿಡಿಯುವುದು ಒಂದೇ ದಿಕ್ಕಿಗೆ. ಸ್ವಿಚ್ ಬಿಟ್ಟೆ. ಉರುಳೆ ಒದ್ದೆ ಅಂಚಿನ ಮೇಲೆ ಜಾರಿತು, ಚಕ್ರ ಫ್ಯಾನ್ ಹಾಗೆ ತಿರುಗಿತು, ದೋಣಿ ಧಡ್ ಅಂತ ನೀರಿಗೆ. ಇನ್ನೊಂದು ಮೊಳ ಹತ್ತಿರ ನಿಂತಿದ್ದರೆ ಇದನ್ನು ಟೈಪ್ ಮಾಡಲು ಬೆರಳಿರುತ್ತಿರಲಿಲ್ಲ.

ಅದಕ್ಕೇ ಈಗ ನನ್ನದು ನೇರ ಮೋಟರ್, ಚಕ್ರ ತೆಗೆದು ಶೆಡ್ಡಿನಲ್ಲಿಟ್ಟಿದ್ದೇನೆ. ಬ್ಯಾಟರಿ ಸತ್ತ ದಿನ ಮತ್ತೆ ಸಿಕ್ಕಿಸಬಹುದು. ಒತ್ತಿ ಹಿಡಿದರೆ ಮಾತ್ರ ಓಡುವ ಸ್ವಿಚ್. ಡ್ರಮ್ಮಿನಲ್ಲಿ ನಾಲ್ಕು ಸುತ್ತು ಉಳಿದಾಗ ಕಾಣುವ ಹಾಗೆ ಕೇಬಲ್ಲಿಗೆ ಕೆಂಪು ಬಣ್ಣ. ರಿಮೋಟ್ ಮಾತ್ರ ಹಾಕಬೇಡಿ. ಅಲ್ಲೇ ನಿಂತು ನೋಡಿ, ಕಿವಿ ಕೊಡಿ.

ಇನ್ನೊಂದು ಕೆಲಸ ಮಾಡಿ. ತೂಗುವ ಕೊಕ್ಕೆ ತಕ್ಕಡಿಯನ್ನು ಚಕ್ರದ ಅಂಚಿಗೆ ಸಿಕ್ಕಿಸಿ, ದೋಣಿ ನೀರು ಬಿಟ್ಟ ಮೇಲೆ ನಿಧಾನಕ್ಕೆ ಎಳೆಯಿರಿ. ಎಷ್ಟು ತೋರಿಸುತ್ತದೆ ಹೇಳಿ.

ಹಳೇ ಹುಟ್ಟು:

ಟಕ್ ಟಕ್ ಇದೆ, ಬ್ರೇಕ್ ವಿಂಚೇ. ಅಣ್ಣನ ಮಗನ ಹತ್ತಿರ ಎಳೆಸಿದೆ. 9 ಕೆಜಿ. ಚಕ್ರದ ಅಡ್ಡಳತೆ 1.2 ಮೀಟರ್.

ತಂತಿ ಕೆಲಸ:

ಈ ಲೆಕ್ಕ ಸಿಕ್ಕಿದ್ದು ಒಳ್ಳೆಯದಾಯಿತು. 60 ಸೆಂಟಿಮೀಟರ್ ದೂರದಲ್ಲಿ 9 ಕೆಜಿ ಅಂದರೆ 53 ನ್ಯೂಟನ್ ಮೀಟರ್. 50 ಸುತ್ತಿಗೆ ನೀವು ಹಾಕುವ ಕೆಲಸ ಸುಮಾರು 16,600 ಜೂಲ್. ದೋಣಿ ಮೇಲೇರಲು ನಿಜವಾಗಿ ಬೇಕಾದದ್ದು ಸುಮಾರು 8,600. ಉಳಿದದ್ದನ್ನು ಗೇರು, ರಾಟೆಗಳು ತಿನ್ನುತ್ತಿವೆ. ಸ್ವಲ್ಪ ತಿನ್ನುವುದು ಸಹಜ, ಆದರೂ ರಾಟೆಗಳನ್ನೆಲ್ಲ ಒಮ್ಮೆ ನೋಡಿ.

ಎರಡು ನಿಮಿಷದಲ್ಲಿ ಎತ್ತಿದರೆ ಸಾಕು ಅಂದುಕೊಳ್ಳಿ. ಶಾಫ್ಟಿನಲ್ಲಿ 140 ವ್ಯಾಟ್ ಬೇಕು. ಮೋಟರ್ ಮತ್ತು ಅದರ ಗೇರಿನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 230 ವ್ಯಾಟ್ ಆಸುಪಾಸು, 12 ವೋಲ್ಟಿಗೆ ಹತ್ತಿರಹತ್ತಿರ 20 ಆಂಪಿಯರ್. ಹೆದರಬೇಡಿ, ಓಡುವುದು ಎರಡೇ ನಿಮಿಷ. ಒಂದು ಸಲ ಎತ್ತಿದರೆ 1 ಆಂಪಿಯರ್ ಅವರ್ ಕೂಡ ಖರ್ಚಾಗಲ್ಲ. 35 ಆಂಪಿಯರ್ ಅವರ್ ಬ್ಯಾಟರಿ, 10 ವ್ಯಾಟಿನ ಸೋಲಾರ್ ಪ್ಯಾನೆಲ್ ಧಾರಾಳ ಸಾಕು.

ಎಲ್ಲರೂ ಎಡವುವುದು ತಂತಿಯಲ್ಲಿ. ಬ್ಯಾಟರಿ 10 ಮೀಟರ್ ದೂರ ಇಟ್ಟು 2.5 ಚದರ ಮಿಲಿಮೀಟರ್ ತಂತಿ ಎಳೆದರೆ, ಹೋಗಿಬರುವ 20 ಮೀಟರಿನಲ್ಲಿ ಹೆಚ್ಚುಕಡಿಮೆ 2.8 ವೋಲ್ಟ್ ಸೋರಿಹೋಗುತ್ತದೆ. ಮೋಟರ್ ಮುಕ್ಕುತ್ತದೆ, ಜನ ಮೋಟರನ್ನು ಬೈಯುತ್ತಾರೆ. ಬ್ಯಾಟರಿ ಲಿಫ್ಟಿನ ಪಕ್ಕದಲ್ಲೇ ಇರಲಿ. ಆಗಲ್ಲ ಅಂದರೆ 16 ಚದರ ಮಿಲಿಮೀಟರ್ ಎಳೆಯಿರಿ, ನಷ್ಟ ಅರ್ಧ ವೋಲ್ಟಿಗೆ ಇಳಿಯುತ್ತದೆ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಇರಬೇಕು.

ಮನೆಯ ಕರೆಂಟ್ ಬೇಡ. ಸೋರಿದರೆ ಸಿಹಿನೀರು ಉಪ್ಪುನೀರಿಗಿಂತ ಅಪಾಯ. ಸಿಹಿನೀರಿಗಿಂತ ಮನುಷ್ಯನ ಮೈಯಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ. ಈಜುತ್ತಿರುವವರ ಕೈಕಾಲು ಸೆಟೆದುಕೊಂಡು ಕೂಗಲೂ ಆಗದೆ ಮುಳುಗಿಹೋಗುತ್ತಾರೆ. ಹಾಕಲೇಬೇಕು ಅನ್ನುವವರು 30 ಮಿಲಿಆಂಪಿಯರಿಗೆ ಟ್ರಿಪ್ ಆಗುವ ಬ್ರೇಕರ್ ಇಲ್ಲದೆ ಮುಟ್ಟಲೇಬಾರದು.

ಹಳೇ ಹುಟ್ಟು:

ಮೂರು ವಾರ ಆಯಿತು. ಮೊದಲು ರಾಟೆ ಸುದ್ದಿ. ಎಡಗಡೆ ಹಿಂದಿನ ಕಾಲಿನ ರಾಟೆ ತಿರುಗುತ್ತಲೇ ಇರಲಿಲ್ಲ. ಕೇಬಲ್ ಅದರ ಮೇಲೆ ಉಜ್ಜಿ ಉಜ್ಜಿ, ಒಂದು ಕಡೆ ಉಗುರು ಇಳಿಯುವಷ್ಟು ಗೀರು ಮಾಡಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ. ಹಳೇ ಬಟ್ಟೆ ಹಿಡಿದು ಕೇಬಲ್ ಸವರಿದೆ, ಅದೇ ಜಾಗ ಹಾಯುವ ಕಡೆ ಬಟ್ಟೆ ಸಿಕ್ಕಿಕೊಂಡಿತು. ಮೂರು ಎಳೆ ಕಿತ್ತಿತ್ತು. ರಾಟೆ, ಕೇಬಲ್ ಎರಡೂ ಬದಲಿಸಿದೆ. ತಕ್ಕಡಿ ಈಗ 7 ಕೆಜಿ ತೋರಿಸುತ್ತದೆ. ಇದು ಮೊದಲೇ ಗೊತ್ತಿದ್ದರೆ ಭುಜ ಉಳಿಯುತ್ತಿತ್ತೇನೋ, ಬಿಡಿ.

ನೇರ ಮೋಟರ್, 12 ವೋಲ್ಟ್, ಬ್ಯಾಟರಿ ಪಕ್ಕದ ಕಂಬಕ್ಕೇ ಕಟ್ಟಿದ ಪೆಟ್ಟಿಗೆಯಲ್ಲಿ. ಕೆಂಪು ಬಣ್ಣವೂ ಹಚ್ಚಿದೆ. ಒಂದೇ ಅನುಮಾನ. ಸ್ವಿಚ್ ಬಿಟ್ಟ ಮೇಲೂ ಒಂಚೂರು ಓಡಿ ನಿಲ್ಲುತ್ತದೆ. ಇದು ಬ್ರೇಕ್ ಜಾರುತ್ತಿರುವುದಾ?

ರಾಟೆ ರಿಪೇರಿ:

ಮೇಲಕ್ಕೆ ಹೋಗುವಾಗ ಮುಂದೆ ಓಡಿ ನಿಂತರೆ ಅದು ಮೋಟರಿನ ವೇಗ, ಪರವಾಗಿಲ್ಲ. ಮೇಲಿನ ಗುರುತನ್ನು ಎರಡು ಬೆರಳು ಕೆಳಗೇ ಹಾಕಿಕೊಳ್ಳಿ, ತೊಟ್ಟಿಲು ಚೌಕಟ್ಟಿಗೆ ಬಡಿದರೆ ಹೊಸ ಕೇಬಲ್ಲೂ ಕಿತ್ತುಹೋಗುತ್ತದೆ. ನಿಂತ ಮೇಲೆ ದೋಣಿ ಕೂದಲೆಳೆಯಷ್ಟು ಕೆಳಗೆ ಇಳಿದರೂ ಆವತ್ತೇ ವಿಂಚ್ ಬಿಚ್ಚಿ.

ಹಳೇ ಹುಟ್ಟು:

ಮೇಲಕ್ಕೇ ಓಡುತ್ತದೆ. ನಿನ್ನೆ ಸಂಜೆ ಚಾಕ್‌ನಲ್ಲಿ ಗೆರೆ ಎಳೆದಿಟ್ಟಿದ್ದೆ, ಬೆಳಿಗ್ಗೆ ನೋಡಿದೆ, ಅಲ್ಲೇ ಇದೆ.