ವಿಕ್ಟೋರಿಯನ್ ಕನ್ಸರ್ವೇಟರಿ: ಪಾಯ ಎಷ್ಟು ಆಳ, ಅಡುಗೆಮನೆ ಬಾಗಿಲು ಕೀಳಬಹುದಾ?

ಪ್ರಶ್ನೆ
ಇಂಗ್ಲೆಂಡಿನ ರೆಡಿಂಗ್‌ನಲ್ಲಿ 1930ರ ದಶಕದ ಸೆಮಿ-ಡಿಟ್ಯಾಚ್ಡ್ ಮನೆ (ಒಂದು ಬದಿ ಪಕ್ಕದ ಮನೆಗೆ ಅಂಟಿದ್ದು), ಜೇಡಿಮಣ್ಣು. ಹಿಂದುಗಡೆ, ದಕ್ಷಿಣಕ್ಕೆ, ಮೋಟುಗೋಡೆ ಎಬ್ಬಿಸಿ ವಿಕ್ಟೋರಿಯನ್ ಮಾದರಿಯ ಕನ್ಸರ್ವೇಟರಿ (ಮನೆಗೆ ಅಂಟಿಸಿ ಕಟ್ಟುವ ಗಾಜಿನ ಕೋಣೆ) ಹಾಕಿಸಬೇಕು. ಒಳಅಳತೆ 3 ಮೀ. × 3.5 ಮೀ., ಮನೆಯಿಂದ ಹೊರಚಾಚುವುದು 3. ಬಿಲ್ಡರ್ ಹೇಳೋದು: 450 ಮಿ.ಮೀ. ಪಾಯ ಸಾಕು, ಯಾವ ಅನುಮತಿಯೂ ಬೇಡ, ಅಡುಗೆಮನೆ ಬಾಗಿಲು ಕಿತ್ತು ಒಂದೇ ಹಾಲ್ ಮಾಡೋಣ. ಸರಿನಾ?

ಉತ್ತರ 1
ಬಾಗಿಲು ಕೀಳಬೇಡಿ. 30 ಚ.ಮೀ.ಗಿಂತ ಚಿಕ್ಕ ಕನ್ಸರ್ವೇಟರಿಗೆ ಕಟ್ಟಡ ನಿಯಮಗಳಿಂದ ವಿನಾಯಿತಿ ಸಿಗುವುದೇ ಮನೆಗೂ ಅದಕ್ಕೂ ನಡುವೆ ಹೊರಬಾಗಿಲಿನ ದರ್ಜೆಯ ತಡೆ ಇದ್ದರೆ, ಹೀಟಿಂಗ್ ಬೇರೆಯೇ ಇದ್ದರೆ ಮಾತ್ರ. ಕಿತ್ತರೆ ಅದು ಎಕ್ಸ್‌ಟೆನ್ಷನ್ ಲೆಕ್ಕ. ಮನೆ ಮಾರುವಾಗ ವಕೀಲರು ಕಟ್ಟಡ ನಿಯಮ ಪಾಲಿಸಿದ ಸರ್ಟಿಫಿಕೇಟ್ ಕೇಳುತ್ತಾರೆ.

ಅಳತೆಯಲ್ಲೂ ಎಡವಟ್ಟಿದೆ. ಪ್ಲಾನಿಂಗ್ ಅನುಮತಿಯಿಲ್ಲದೆ ಸೆಮಿ ಮನೆಯ ಹಿಂದೆ ಚಾಚಬಹುದಾದ 3 ಮೀಟರ್ ಹೊರಅಳತೆ. ಒಳಗೆ 3 ಬಿಟ್ಟು 300 ಮಿ.ಮೀ. ಗೋಡೆ ಕಟ್ಟಿದರೆ 3.3 ಆಯ್ತು. ಹಾಗೇ ಬೇಕಿದ್ದರೆ ಕೌನ್ಸಿಲ್‌ನಿಂದ ಪ್ರಯರ್ ಅಪ್ರೂವಲ್ (ಮುಂಚಿತ ಒಪ್ಪಿಗೆ) ಪಡೆಯಿರಿ.

ಉತ್ತರ 2
ವಿನಾಯಿತಿ ಅಂದರೆ ಪಾಯ ನೋಡಲು ಇನ್‌ಸ್ಪೆಕ್ಟರ್ ಬರುವುದಿಲ್ಲ ಅಂತ. 450 ಅನ್ನುವ ಧೈರ್ಯ ಬರುವುದು ಅಲ್ಲಿಂದಲೇ. ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತೆ, ಚಳಿಗಾಲದಲ್ಲಿ ಉಬ್ಬುತ್ತೆ. ಮನೆ ಅಲುಗಲ್ಲ, ಮೋಟುಗೋಡೆ ಅಲುಗುತ್ತೆ, ಎರಡೂ ಸೇರುವ ಮೂಲೆಯಲ್ಲಿ ಮೇಲಿಂದ ಕೆಳಗೆ ಬಿರುಕು. ಕಡಿಮೆಯೆಂದರೂ 1 ಮೀ. ಅಗೆಸಿ, ಹತ್ತಿರ ಓಕ್ ಅಥವಾ ವಿಲೋ ಮರವಿದ್ದರೆ ಅದೂ ಸಾಲದು, ಇಂಜಿನಿಯರ್ ಲೆಕ್ಕ ಹಾಕಲಿ. ಹೊಸ ಗೋಡೆಯನ್ನು ಹಳೆಯದಕ್ಕೆ ಹಲ್ಲು ಕೂಡಿಸಿ (ಇಟ್ಟಿಗೆಯೊಳಗೆ ಇಟ್ಟಿಗೆ ಹೆಣೆದು) ಕಟ್ಟಬಾರದು: ಎರಡನ್ನೂ ಹಿಡಿದಿಡಲು ಸ್ಟೀಲ್ ಸ್ಟಾರ್ಟರ್ ಪಟ್ಟಿ, ನಡುವೆ 10 ಮಿ.ಮೀ. ಸಂದು, ಅದಕ್ಕೆ ಮ್ಯಾಸ್ಟಿಕ್ (ಮೆತ್ತನೆ ಅಂಟು).

ಅಗೆಯುವ ಮುಂಚೆ ಮ್ಯಾನ್‌ಹೋಲ್ ಮುಚ್ಚಳ ಎತ್ತಿ ನೋಡಿ. ಪಕ್ಕದ ಮನೆಯ ಚರಂಡಿ ಕೊಳವೆಯೂ ಅದರಲ್ಲಿ ಸೇರಿದ್ದರೆ 2011ರಿಂದ ಅದು ನೀರಿನ ಕಂಪನಿಯ ಸೊತ್ತು, 3 ಮೀ. ಒಳಗೆ ಕಟ್ಟಲು ಅವರ ಒಪ್ಪಿಗೆ ಬೇಕು. ಪಕ್ಕದವರ ಮನೆಗೆ 3 ಮೀ. ಒಳಗೆ ಅವರ ಪಾಯಕ್ಕಿಂತ ಆಳ ಅಗೆದರೆ ಪಾರ್ಟಿ ವಾಲ್ (ನೆರೆಯವರ ಜಂಟಿ ಗೋಡೆ) ಕಾಯ್ದೆಯಡಿ ಅವರಿಗೆ ಒಂದು ತಿಂಗಳ ನೋಟಿಸ್ ಕೊಡಬೇಕು.

ಉತ್ತರ 3
ಸೋರುವುದು ಗಾಜಿನಲ್ಲಲ್ಲ, ಮಾಡು ಗೋಡೆಗೆ ತಾಗುವಲ್ಲಿ. ಮನೆಯ ಇಟ್ಟಿಗೆಗಳೆಲ್ಲ ಉದ್ದಕ್ಕೇ ಕಾಣುತ್ತಿದ್ದರೆ ಒಳಗೆ ಟೊಳ್ಳಿದೆ ಅಂತ ಅರ್ಥ. ಮೇಲ್ಗೋಡೆ ಕುಡಿದ ಮಳೆನೀರು ಟೊಳ್ಳಿನಲ್ಲಿ ಇಳಿದು, ಈಗ ಒಳಗೋಡೆಯಾಗಿರುವ ಭಾಗದಲ್ಲಿ ತೇವವಾಗಿ ಕಾಣಿಸುತ್ತೆ. ಮದ್ದು ಕ್ಯಾವಿಟಿ ಟ್ರೇ, ಅಂದರೆ ಟೊಳ್ಳಿನ ನೀರನ್ನು ಹಿಡಿದು ಹೊರಗೆ ಹಾಕುವ ತಟ್ಟೆ: ಒಂದು ಸಲಕ್ಕೆ ಎರಡು-ಮೂರು ಇಟ್ಟಿಗೆ ಬಿಚ್ಚಿ, ಟ್ರೇ ತೂರಿಸಿ, ಮತ್ತೆ ಕಟ್ಟಿ, ಕೆಳಗೆ ಕೋಡ್ 4 (ದಪ್ಪದ ದರ್ಜೆ) ಸೀಸದ ಫ್ಲ್ಯಾಶಿಂಗ್, ಅಂದರೆ ಸಂದು ಮುಚ್ಚುವ ಹಾಳೆ. ಕೊಟೇಷನ್‌ನಲ್ಲಿ ಟ್ರೇ ಇಲ್ಲದೆ ಸಿಲಿಕೋನ್ ಮಾತ್ರ ಇದ್ದರೆ ಬೇರೆಯವರನ್ನು ನೋಡಿ.

ಮೋಟುಗೋಡೆ 600 ಮಿ.ಮೀ. ಅಂದುಕೊಂಡರೆ, ನೆಲದಿಂದ 800ರ ಒಳಗೆ ಬರುವ ಗಾಜು ಸೇಫ್ಟಿ ಗ್ಲಾಸೇ ಆಗಿರಬೇಕು. ದಕ್ಷಿಣ ದಿಕ್ಕಾದ್ದರಿಂದ ಮಾಡಿಗೆ ಸೋಲಾರ್ ಕಂಟ್ರೋಲ್ ಗಾಜು, ಜೊತೆಗೆ ಮೇಲೆ ತೆರೆಯುವ ಕಿಂಡಿ; ಇಲ್ಲದಿದ್ದರೆ ಜುಲೈನಲ್ಲಿ ಒಳಗೆ ಕೂರಲಾಗದು. ಮಾಡಿಗೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಅಗ್ಗ, ಮಳೆ ಬಂದರೆ ತಮಟೆ. ಶಿಖರದ ಅಲಂಕಾರ (ತುದಿಯ ಫಿನಿಯಲ್, ಏಣಿನುದ್ದದ ಕ್ರೆಸ್ಟಿಂಗ್) ಕೊನೆಗೆ ಆರಿಸಿದರಾಯ್ತು.

ಪ್ರಶ್ನೆ ಕೇಳಿದವರು
ಬಾಯ್ಲರ್ ಹೊಗೆ ಕೊಳವೆ ಅದೇ ಗೋಡೆಯಲ್ಲಿದೆ.

ಉತ್ತರ 2
ಹಾಗಾದರೆ ಮೊದಲು ಅದರ ಕೆಲಸ. ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಾಯಿತರಿಂದ ಕೊಳವೆಯ ಬಾಯಿ ಬೇರೆಡೆ ತಿರುಗಿಸಿ. ಕನ್ಸರ್ವೇಟರಿ ಒಳಗೆ ಅದು ಹೊಗೆ ಬಿಡುವಂತಿಲ್ಲ.